ಬರೀ 20 ಶಿಲಿಂಗ್‌ಗೆ ಇಷ್ಟು ಹಠ ಯಾಕೆ? ಜಾನ್ ಹ್ಯಾಂಪ್ಡನ್ ಬಗ್ಗೆ ಒಂದು ಪ್ರಶ್ನೆ

ತೀರ್ಥಹಳ್ಳಿ_ತೋಟ
ಎಲ್ಲರಿಗೂ ನಮಸ್ಕಾರ. ಮಳೆ ಹಿಡಿದಿದೆ, ತೋಟಕ್ಕೆ ಇಳಿಯೋ ಹಾಗಿಲ್ಲ. ಮಗಳ ಇತಿಹಾಸದ ಪುಸ್ತಕ ಹಿಡಿದು ಕೂತಿದ್ದೆ. ಅದರಲ್ಲಿ ಜಾನ್ ಹ್ಯಾಂಪ್ಡನ್ ಅಂತ ಒಬ್ಬರು, ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್‌ನ ದೊಡ್ಡ ಜಮೀನ್ದಾರರು, ಸಂಸತ್ ಸದಸ್ಯರು. ಸ್ಟೋಕ್ ಮ್ಯಾಂಡೆವಿಲ್ ಅನ್ನೋ ಊರಿನ ಜಮೀನಿಗೆ ಬಂದ 20 ಶಿಲಿಂಗ್, ಅಂದರೆ ಒಂದೇ ಒಂದು ಪೌಂಡ್ ತೆರಿಗೆ ಕಟ್ಟಲ್ಲ ಅಂತ ಕೋರ್ಟಿನವರೆಗೂ ಹೋದರಂತೆ. ಅಷ್ಟು ಆಸ್ತಿ ಇದ್ದವರಿಗೆ ಅದೊಂದು ದುಡ್ಡಾ? ಮಗಳು ಕೇಳಿದಳು, ನನಗೆ ಉತ್ತರ ಹೊಳೀಲಿಲ್ಲ.

ಸಾಗರದ_ಮೇಷ್ಟ್ರು
ದುಡ್ಡು ಸಣ್ಣದೇ. ಅದನ್ನು ಕೇಳಿದ ರೀತಿ ನೋಡಿ. 1629ರಿಂದ ರಾಜ ಒಂದನೇ ಚಾರ್ಲ್ಸ್ ಸಂಸತ್ತನ್ನೇ ಕರೆದಿರಲಿಲ್ಲ. ಖಜಾನೆಗೆ ಹಣ ಬೇಕಿತ್ತು. ಯುದ್ಧದ ಭಯ ಇದ್ದಾಗ ಕರಾವಳಿ ಊರುಗಳು ರಾಜನಿಗೆ ಹಡಗು ಕೊಡುವ ಹಳೇ ಪದ್ಧತಿ ಒಂದಿತ್ತು, ಅದನ್ನೇ ತೆರಿಗೆ ಮಾಡಿ 1635ರಲ್ಲಿ ಒಳನಾಡಿಗೂ ಹೇರಿದ. ಬಕಿಂಗ್‌ಹ್ಯಾಮ್‌ಶೈರ್‌ಗೆ ಸಮುದ್ರವೇ ಇಲ್ಲ, ಆದರೂ 4,500 ಪೌಂಡ್ ಪಾಲು ಬಂತು. ನಮ್ಮ ಶಿವಮೊಗ್ಗದವರ ಹತ್ರ ಮಂಗಳೂರು ಬಂದರಿನ ಹಡಗಿಗೆ ದುಡ್ಡು ಕೇಳಿದ ಹಾಗೆ, ಅಲ್ವಾ? ಇವತ್ತು ಸುಮ್ನೆ ಕೊಟ್ಟರೆ ನಾಳೆ ಸಂಸತ್ತು ಯಾಕೆ ಬೇಕು ಅಂತ ಆಗುತ್ತಿತ್ತು.

1637ರಲ್ಲಿ ವಿಚಾರಣೆ. 12 ನ್ಯಾಯಾಧೀಶರಲ್ಲಿ 7 ಜನ ರಾಜನ ಕಡೆ, 5 ಜನ ಹ್ಯಾಂಪ್ಡನ್ ಕಡೆ. ಸೋತರು. ಆದರೆ ಐದು ಜನ ರಾಜನಿಗೆ ಎದುರು ನಿಂತರಲ್ಲ, ಅದರಿಂದ ಉಳಿದವರಿಗೂ ಧೈರ್ಯ ಬಂತು. ಮುಂದೆ ವಸೂಲಿಯೇ ಕುಸಿಯಿತು, 1641ರಲ್ಲಿ ಸಂಸತ್ತು ಆ ತೆರಿಗೆಯನ್ನೇ ರದ್ದು ಮಾಡಿತು.

ಸೊರಬ_ಗದ್ದೆ
ಮೇಷ್ಟ್ರೆ, ಒಪ್ಪಿದೆ. ಆದರೆ ಅವರು ಒಡೆಯರ ಕಡೆಯವರು ಅನ್ನೋದನ್ನ ಮರೀಬಾರದು. ಆಗ ಕೌಂಟಿಯಲ್ಲಿ ಮತ ಇದ್ದದ್ದು ವರ್ಷಕ್ಕೆ 40 ಶಿಲಿಂಗ್ ಹುಟ್ಟುವಳಿಯ ಸ್ವಂತ ಭೂಮಿ ಇದ್ದವರಿಗೆ. ಗೇಣಿ ಮಾಡುವವರ ಮಾತು ಕೇಳೋರು ಯಾರು? 1951ರಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ ಒಡೆಯರ ವಿರುದ್ಧ ಸತ್ಯಾಗ್ರಹಕ್ಕೆ ಮುಂದಾಳು ಗಣಪತಿಯಪ್ಪನವರ ಜೊತೆ ನಿಂತ ಗೇಣಿ ರೈತರದ್ದೂ ನೋಡೋಕೆ ಸಣ್ಣ ವಿಷಯವೇ, ಗೇಣಿ ಭತ್ತ ಅಳೆಯುವ ಕೊಳಗ. ನಮ್ಮಜ್ಜ ಕೊಳಗದ ಬಾಯಿಗೆ ಎರಡು ಬೆರಳು ಅಡ್ಡ ಇಟ್ಟು, "ಇಷ್ಟು ಎತ್ತರ ಜಾಸ್ತಿ ಇದ್ರೆ ಸಾಕು, ಅಳೆದು ಮುಗಿಯೋ ಹೊತ್ತಿಗೆ ನಮ್ಮ ಮಳೆಗಾಲದ ಅಕ್ಕಿ ಹೋಯ್ತು" ಅಂತಿದ್ದರು. ಹ್ಯಾಂಪ್ಡನ್‌ಗೆ 20 ಶಿಲಿಂಗ್ ಹೋದರೆ ಊಟ ತಪ್ಪುತ್ತಿರಲಿಲ್ಲ.

ಸಾಗರದ_ಮೇಷ್ಟ್ರು
ನಿಮ್ಮ ಮಾತು ಸರಿ. ಆದರೂ ಊಟಕ್ಕೆ ಕೊರತೆ ಇಲ್ಲದವರು ತಣ್ಣಗೆ ಮನೆಯಲ್ಲಿ ಇರಬಹುದಿತ್ತು. 1627ರಲ್ಲಿ ರಾಜನಿಗೆ ಬಲವಂತದ ಸಾಲ ಕೊಡಲ್ಲ ಅಂತ ಜೈಲಿಗೆ ಹೋದರು. 1642ರ ಜನವರಿ 4ರಂದು ರಾಜ ಸೈನಿಕರನ್ನು ಕಟ್ಟಿಕೊಂಡು ತಾನೇ ಸಂಸತ್ತಿಗೆ ಬಂದನಲ್ಲ, ಅವತ್ತು ಹಿಡಿಯಬೇಕಿದ್ದ ಐವರಲ್ಲಿ ಇವರೂ ಒಬ್ಬರು. ಆಮೇಲೆ ರಾಜನಿಗೂ ಸಂಸತ್ತಿಗೂ ಯುದ್ಧವೇ ಆಯ್ತು, ಮರುವರ್ಷ ಜೂನ್ 18ಕ್ಕೆ ಚಾಲ್ಗ್ರೋವ್ ಕಾಳಗದಲ್ಲಿ ಸಂಸತ್ತಿನ ಕಡೆ ನಿಂತು ಹೋರಾಡುವಾಗ ಗಾಯ, ಆರು ದಿನ ನರಳಿ ಥೇಮ್ ಊರಲ್ಲಿ ತೀರಿಕೊಂಡರು.

ತೀರ್ಥಹಳ್ಳಿ_ತೋಟ
ಇಬ್ಬರಿಗೂ ಥ್ಯಾಂಕ್ಸ್ ಮಾರಾಯ್ರೆ, ಮಗಳಿಗೆ ಪೂರ್ತಿ ಓದಿ ಹೇಳಿದೆ. ಸೊರಬದವರೇ, ಅಜ್ಜನ ಕೊಳಗ ಮನೇಲಿ ಇನ್ನೂ ಇದ್ದರೆ ಒಂದು ಫೋಟೋ ಹಾಕಿ. ಅವಳು ಕೊಳಗ ನೋಡೇ ಇಲ್ಲ.