ವಿಜಿಎ ಕೇಬಲ್: ಬಿಳಿ ಹಳದಿಯಾಗಿದೆ, ರೆಸಲ್ಯೂಷನ್ 1024×768ಕ್ಕೇ ನಿಂತಿದೆ

ಪ್ರಶ್ನೆ
22 ಇಂಚಿನ ಮಾನಿಟರ್, 1920×1080ರದ್ದು. ಸಿಪಿಯುಗೆ ವಿಜಿಎ ಕೇಬಲ್, ವಿಂಡೋಸ್ 10, ಬೋರ್ಡಿನಲ್ಲೇ ಇರುವ ಇಂಟೆಲ್ ಗ್ರಾಫಿಕ್ಸ್. ಟೇಬಲ್ ಸರಿಸಿದ ಮೇಲೆ ಬಿಳಿಯೆಲ್ಲ ಹಳದಿ, ನೀಲಿಯೆಲ್ಲ ಕಪ್ಪು. ರೆಸಲ್ಯೂಷನ್ ಪಟ್ಟಿ 1024×768ಕ್ಕೆ ಮುಗಿದುಹೋಗುತ್ತೆ, ಅಕ್ಷರಗಳು ಅಡ್ಡಡ್ಡ ಹಿಗ್ಗಿವೆ. ಡ್ರೈವರ್ ಮತ್ತೆ ಹಾಕಿದೆ, ಮಾನಿಟರ್ ರೀಸೆಟ್ ಮಾಡಿದೆ, ಏನೂ ಬದಲಾಗಲಿಲ್ಲ. ಪ್ಯಾನೆಲ್ ಹೋಯ್ತಾ, ಗ್ರಾಫಿಕ್ಸ್ ಹೋಯ್ತಾ?

ಉತ್ತರ 1
ಎರಡೂ ಇರಲಾರದು, ಮೊದಲು ಕೇಬಲ್ ನೋಡಿ. ಮಾನಿಟರ್‌ನ ಬಟನ್ ಒತ್ತಿ ಮೆನು ತೆರೆಯಿರಿ. ಆ ಮೆನುವನ್ನು ಮಾನಿಟರ್ ತಾನೇ ಬರೆಯುತ್ತೆ, ಸಿಪಿಯು ಅಲ್ಲ. ಅದರಲ್ಲಿ ಬಿಳಿ, ನೀಲಿ ಸರಿಯಾಗಿದ್ದರೆ ಪ್ಯಾನೆಲ್ ಚೆನ್ನಾಗೇ ಇದೆ.

ಆಮೇಲೆ ಮಾನಿಟರ್, ಸಿಪಿಯು ಎರಡೂ ಆಫ್ ಮಾಡಿ ಕೇಬಲ್ ಬಿಚ್ಚಿ. ಪ್ಲಗ್‌ನ ಅಗಲದ ಬದಿ ಮೇಲೆ ಬರುವಂತೆ ಹಿಡಿದು ಪಿನ್ನುಗಳನ್ನು ನೋಡಿದರೆ ಮೇಲಿನ ಸಾಲು ಎಡದಿಂದ 1–5, ನಡುವಿನದು 6–10, ಕೆಳಗಿನದು 11–15. ಕೆಂಪು 1, ಹಸಿರು 2, ನೀಲಿ 3. ನೀಲಿ ಬರದಿದ್ದರೆ ಉಳಿದೆರಡು ಸೇರಿ ಬಿಳಿ ಹಳದಿಯಾಗುತ್ತೆ. ಇನ್ನು ‘ನಾನು ಇಷ್ಟು ರೆಸಲ್ಯೂಷನ್ ತೋರಿಸಬಲ್ಲೆ’ ಅಂತ ಮಾನಿಟರ್ ಹೇಳುವುದು 12 ಮತ್ತು 15ರ ಮೂಲಕ. ಆ ಮಾತು ಕೇಳಿಸದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ‘ಜನರಿಕ್ ನಾನ್-ಪಿಎನ್‌ಪಿ ಮಾನಿಟರ್’ (ಅಂದರೆ ಗುರುತು ಸಿಗದ ಮಾನಿಟರ್) ಅಂತ ಬರುತ್ತೆ, ಪಟ್ಟಿಯೂ ಮೊಟಕಾಗುತ್ತೆ.

9ನೇ ಪಿನ್ ಇಲ್ಲದಿದ್ದರೆ ಗಾಬರಿ ಬೇಡ, ಎಷ್ಟೋ ಕೇಬಲ್‌ಗಳಲ್ಲಿ ಅದನ್ನು ಇಡುವುದೇ ಇಲ್ಲ. ಬಗ್ಗಿದ ಪಿನ್ನನ್ನು ಚಿಮುಟದಲ್ಲಿ ಬುಡದಿಂದ ನಿಧಾನಕ್ಕೆ ಎತ್ತಿ. ಎರಡು ಸಲಕ್ಕಿಂತ ಹೆಚ್ಚು ಆಡಿಸಿದರೆ ಮುರಿಯುತ್ತೆ.

ಉತ್ತರ 2
ಕಸ್ಟಮ್ ರೆಸಲ್ಯೂಷನ್ (ಪಟ್ಟಿಯಲ್ಲಿಲ್ಲದ್ದನ್ನು ನಾವೇ ಬರೆದು ಸೇರಿಸುವುದು) ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. 1920×1080 ಬಂದೀತು, ನೀಲಿ ಬರಲ್ಲ. ಡಿಸ್‌ಪ್ಲೇ ಅಡಾಪ್ಟರ್ ಕೆಳಗೆ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ (ಇಂಟೆಲ್ ಡ್ರೈವರ್ ಇಲ್ಲದಾಗ ವಿಂಡೋಸ್ ಬಳಸುವ ಬದಲಿ ಡ್ರೈವರ್) ಅಂತಿದ್ದರೆ ಮಾತ್ರ ಡ್ರೈವರ್ ಕಡೆ ನೋಡಿ.

ಪ್ರಶ್ನೆ ಕೇಳಿದವರು
ಮೆನುವಿನ ಬಣ್ಣ ಸರಿಯಿದೆ. 15ನೇ ಪಿನ್ ಮಲಗಿಹೋಗಿತ್ತು, ಎತ್ತಿದ ಮೇಲೆ 1920×1080 ಬಂತು. ಹಳದಿ ಮಾತ್ರ ಹಾಗೇ ಇದೆ. ಪ್ಲಗ್ ಹತ್ತಿರ ಕೇಬಲ್ ಅಲ್ಲಾಡಿಸಿದರೆ ಒಂದು ಕ್ಷಣ ಬಿಳಿ ಬಂದು ಹೋಗುತ್ತೆ. ಎರಡು ಕಡೆಯೂ ಎಚ್‌ಡಿಎಂಐ ಇದೆ.

ಉತ್ತರ 1
ಹಾಗಾದರೆ ಕೇಬಲ್ ಕತ್ತಿನಲ್ಲಿ ನೀಲಿಯ ತಂತಿ ತುಂಡಾಗಿದೆ. ಅಚ್ಚು ಹಾಕಿದ ಪ್ಲಗ್ ಸೀಳಿ ಬೆಸುಗೆ ಹಾಕುವುದು ದಂಡ, ಎಚ್‌ಡಿಎಂಐ ಕೇಬಲ್ ತನ್ನಿ. ವಿಜಿಎಯಲ್ಲೇ ಇರ್ತೀನಿ ಅಂದರೆ ಹೊಸ ಕೇಬಲ್ ಹಾಕಿ ಎರಡೂ ತಿರುಪು ಬಿಗಿ ಮಾಡಿ, ಪರದೆ ತುಂಬ ಅಕ್ಷರ ಇರುವಾಗ ‘ಆಟೋ ಅಡ್ಜಸ್ಟ್’ ಒತ್ತಿ. ಖಾಲಿ ಡೆಸ್ಕ್‌ಟಾಪ್ ಮೇಲೆ ಒತ್ತಿದರೆ ಅಂಚು ಎಲ್ಲಿದೆ ಅಂತ ಅದಕ್ಕೆ ಸರಿಯಾಗಿ ಸಿಗಲ್ಲ.

ಉತ್ತರ 2
ಎಚ್‌ಡಿಎಂಐ ಹಾಕಿದ ಮೇಲೆ ಕಪ್ಪು ಬೂದಿಯ ಹಾಗೆ ಕಂಡರೆ ಕೇಬಲ್ಲನ್ನು ಬೈಯಬೇಡಿ. ಮಾನಿಟರನ್ನು ಟಿವಿ ಅಂತ ತಿಳಿದು ಸಿಪಿಯು ಕಪ್ಪಿನಿಂದ ಬಿಳಿವರೆಗಿನ ಮಟ್ಟಗಳನ್ನು 16–235ರಷ್ಟೇ ಕಳಿಸುತ್ತಿರುತ್ತೆ, ಮಾನಿಟರ್ 0–255 ಬರಲಿ ಅಂತ ಕಾಯುತ್ತೆ. ಇಂಟೆಲ್ ಗ್ರಾಫಿಕ್ಸ್ ಕಮಾಂಡ್ ಸೆಂಟರ್‌ನ ಡಿಸ್‌ಪ್ಲೇ ವಿಭಾಗದಲ್ಲಿ ‘ಕ್ವಾಂಟೈಸೇಷನ್ ರೇಂಜ್’ ಹುಡುಕಿ ‘ಫುಲ್’ ಮಾಡಿ. ಟಾಸ್ಕ್‌ಬಾರ್ ಅಂಚು ಪರದೆಯಾಚೆ ಹೋಗಿದ್ದರೆ ಅದು ಓವರ್‌ಸ್ಕ್ಯಾನ್, ಮಾನಿಟರ್ ಮೆನುವಿನಲ್ಲೇ ಆಫ್ ಮಾಡಿ. ಅದನ್ನು ಡ್ರೈವರ್‌ನ ಸ್ಕೇಲಿಂಗ್‌ನಲ್ಲಿ ಕುಗ್ಗಿಸಲು ಹೋದರೆ ಅಕ್ಷರ ಮತ್ತೆ ಮಸುಕಾಗುತ್ತೆ.