ಹಳೆ ದೋಣಿ ಕೊಳ್ಳುವ ಮುಂಚೆ ದುಡ್ಡು ಕೊಟ್ಟು ತಪಾಸಣೆ ಮಾಡಿಸಬೇಕಾ? ನಿಮ್ಮ ಅನುಭವ ಹೇಳಿ

ಎಲ್ಲರಿಗೂ ನಮಸ್ಕಾರ. 30 ಅಡಿಯ ಒಂದು ಹಾಯಿದೋಣಿ ನೋಡಿ ಬಂದಿದ್ದೇನೆ. ಫೈಬರ್ ಮೈ, ಒಳಗೇ ಕೂರಿಸಿದ ಡೀಸೆಲ್ ಎಂಜಿನ್, ವಯಸ್ಸು 25 ವರ್ಷ. ನೋಡಲು ತುಂಬ ಚೆನ್ನಾಗಿದೆ. ದೋಣಿ ತಪಾಸಣೆ ಮಾಡುವ ಸರ್ವೇಯರ್ ಕರೆಸಿದರೆ ಅವರ ಫೀಸು ಬೇರೆ, ದೋಣಿಯನ್ನು ಕ್ರೇನ್‌ನಲ್ಲಿ ಮೇಲೆತ್ತಿಸುವ ಖರ್ಚು ಬೇರೆ. ಕೊನೆಗೆ ದೋಣಿ ಬೇಡ ಅನ್ನಿಸಿದರೆ ಅಷ್ಟೂ ದುಡ್ಡು ಹೋದ ಹಾಗೆ ಅಲ್ವಾ? ಮಾಲೀಕರ ಹತ್ತಿರ 3 ವರ್ಷದ ಹಿಂದಿನ ರಿಪೋರ್ಟ್ ಇದೆ, ಅದನ್ನೇ ಕೊಡುತ್ತೇನೆ ಅನ್ನುತ್ತಿದ್ದಾರೆ. ಅದು ಸಾಕಾ? ನೀವೆಲ್ಲ ಏನು ಮಾಡಿದಿರಿ, ಏನಾಯಿತು, ದಯವಿಟ್ಟು ಹೇಳಿ.

* * *

ಮಾಡಿಸಿ. ನಾನು ಮೊದಲ ದೋಣಿಗೆ ಮಾಡಿಸಲಿಲ್ಲ, ಎರಡನೆಯದಕ್ಕೆ ಮಾಡಿಸಿದೆ. ಎರಡರದ್ದೂ ಹೇಳುತ್ತೇನೆ.

ಮೊದಲನೆಯದು ಹೆಚ್ಚುಕಡಿಮೆ ನೀವು ನೋಡಿರುವಂಥದ್ದೇ. ಡೆಕ್‌ಗೆ, ಅಂದರೆ ನಡೆದಾಡುವ ಮೇಲ್ಭಾಗಕ್ಕೆ, ಹೊಸ ಬಣ್ಣ, ಒಳಗೆ ಹೊಸ ಮೆತ್ತೆ. ನಾನೇ ಎರಡು ಸಲ ಹೋಗಿ ಟಾರ್ಚ್ ಹಿಡಿದು ಮೂಲೆಮೂಲೆ ನೋಡಿದ್ದೆ, ಎಲ್ಲಾ ಸರಿಯಿದೆ ಅನ್ನಿಸಿತ್ತು. ಮೊದಲ ಜೋರು ಮಳೆಗೇ ಮಲಗುವ ಜಾಗದ ಮೇಲೆ ಹನಿ ಬೀಳಲು ಶುರುವಾಯಿತು. ಅಂಚಿನ ಕಂಬಿಯ ಬೋಲ್ಟ್ ಬಿಚ್ಚಿದರೆ ತೂತಿನಿಂದ ಕಂದು ನೀರು, ಅದರ ಜೊತೆ ಕೊಳೆತ ಮರದ ಪುಡಿ. ಇಂಥ ದೋಣಿಗಳ ಡೆಕ್ ಪೂರ್ತಿ ಫೈಬರ್ ಅಲ್ಲ ಅಂತ ನನಗೆ ಗೊತ್ತಾಗಿದ್ದೇ ಆವತ್ತು. ಮೇಲೊಂದು ಕೆಳಗೊಂದು ಫೈಬರ್ ಪದರ, ನಡುವೆ ಬಾಲ್ಸಾ ಮರವೋ ಫೋಮೋ ಇರುತ್ತದೆ. ಹಗುರವಾಗಿ ಗಟ್ಟಿಯಾಗಿ ಇರಲಿ ಅಂತ ಹಾಗೆ ಕಟ್ಟುತ್ತಾರೆ. ಬೋಲ್ಟ್ ಸುತ್ತಲಿನ ಅಂಟು ಹಳತಾದ ಮೇಲೆ ಅಲ್ಲಿಂದ ನೀರು ಸ್ವಲ್ಪಸ್ವಲ್ಪವೇ ಇಳಿದು ವರ್ಷಗಟ್ಟಲೆ ಒಳಗಿನ ಮರವನ್ನು ತಿನ್ನುತ್ತದೆ, ಮೇಲಿನ ಬಣ್ಣ ಮಾತ್ರ ಫಳಫಳ ಅನ್ನುತ್ತಿರುತ್ತದೆ. ಒಂದು ಬದಿಯ ಡೆಕ್ ಪೂರ್ತಿ ಕೊಯ್ದು, ಒಳಗಿನ ಮರ ತೆಗೆದು ಹೊಸದು ಕೂರಿಸಿ, ಮತ್ತೆ ಫೈಬರ್ ಹಾಕಬೇಕಾಯಿತು. ಆ ವರ್ಷ ನಾವು ಒಂದು ದಿನವೂ ಹಾಯಿ ಬಿಚ್ಚಲಿಲ್ಲ. ಮಕ್ಕಳಿಗೆ ಕೊಟ್ಟ ಮಾತು ಹಾಗೇ ಉಳಿಯಿತು, ಅದು ದುಡ್ಡಿಗಿಂತ ಜಾಸ್ತಿ ನೋಯಿಸಿತು.

ಎರಡನೆಯ ದೋಣಿಗೆ ಸರ್ವೇಯರ್ ಬಂದರು. ಕೈಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಸುತ್ತಿಗೆ. ಡೆಕ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ ಗೇಣು ಗೇಣಿಗೂ ತಟ್ಟುತ್ತಾ ಹೋದರು. ಗಟ್ಟಿ ಇರುವ ಕಡೆ ಟಣ್ ಅನ್ನುತ್ತದೆ, ಪದರ ಬಿಟ್ಟ ಕಡೆ ಡಬ್ ಅನ್ನುತ್ತದೆ. ಒಮ್ಮೆ ಕೇಳಿದರೆ ನಿಮಗೂ ವ್ಯತ್ಯಾಸ ಗೊತ್ತಾಗುತ್ತದೆ. ಡಬ್ ಅಂದಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಆಮೇಲೆ ತೇವ ಅಳೆಯುವ ಮೀಟರ್ ಇಟ್ಟು ನೋಡಿದರು. ದೋಣಿ ಮೇಲೆತ್ತಿದ ಮೇಲೆ ತಳದಲ್ಲಿ ಸಣ್ಣ ಸಣ್ಣ ಗುಳ್ಳೆ ಕಂಡವು. ಒಂದನ್ನು ಒಡೆದು, ಮೂಸಿ ನೋಡಿ ಅಂದರು, ವಿನೆಗರ್ ವಾಸನೆ! ಫೈಬರನ್ನು ಹಿಡಿದಿಡುವ ಪಾಲಿಯೆಸ್ಟರ್ ರಾಳದೊಳಗೆ ನೀರು ಇಳಿದರೆ ಹೀಗೆ ಹುಳಿ ದ್ರವ ಕಟ್ಟಿಕೊಳ್ಳುತ್ತದಂತೆ. ನನ್ನ ಎದೆ ಧಸಕ್ಕೆಂದಿತು. ಅವರು ಮಾತ್ರ ಇಷ್ಟು ಹಳೆ ದೋಣಿಯಲ್ಲಿ ನಾಲ್ಕಾರು ಗುಳ್ಳೆ ದೊಡ್ಡ ವಿಷಯವಲ್ಲ ಅಂತ ಹೇಳಿ ಮುಂದಕ್ಕೆ ಹೋದರು. ಅವರು ನಿಂತಿದ್ದು ನಾನು ಲೆಕ್ಕಕ್ಕೇ ತೆಗೆದುಕೊಳ್ಳದ ಕಡೆ. ತಳದಲ್ಲಿ ನೀರು ಒಳಗೆ ಬಿಡುವ ವಾಲ್ವ್‌ಗಳಿರುತ್ತವಲ್ಲ, ಒಂದನ್ನು ಚಾಕುವಿನಿಂದ ಕೆರೆದರೆ ಹಳದಿ ಬಣ್ಣದ ಬದಲು ಗುಲಾಬಿ ಬಣ್ಣ ಕಾಣಿಸಿತು. ಹಿತ್ತಾಳೆಯಲ್ಲಿರುವ ಸತುವು ಉಪ್ಪುನೀರಿಗೆ ಕರಗಿಹೋಗಿ ಬರೀ ತಾಮ್ರ ಉಳಿದಿದೆ, ಒಂದು ಒದೆತಕ್ಕೆ ಮುರಿಯುತ್ತದೆ ಅಂದರು. ಮುರಿದರೆ ಅಷ್ಟಗಲದ ತೂತು, ಅದೂ ನೀರಿನ ಮಟ್ಟಕ್ಕಿಂತ ಕೆಳಗೆ. ಇದು ನಾನು ಹತ್ತು ಸಲ ನೋಡಿದ್ದರೂ ನನಗೆ ಹೊಳೆಯುತ್ತಿರಲಿಲ್ಲ.

ಚುಕ್ಕಾಣಿಯ ಕೆಳತುದಿಯಿಂದಲೂ ನೀರು ಜಿನುಗುತ್ತಿತ್ತು. ಎಲ್ಲಾ ರಿಪೋರ್ಟ್‌ನಲ್ಲಿ ಫೋಟೋ ಸಮೇತ ಬಂತು. ಈಗಲೇ ಮಾಡಬೇಕಾದ್ದು, ಈ ವರ್ಷ ಮಾಡಬೇಕಾದ್ದು, ಆಮೇಲೆ ಮಾಡಿದರೂ ನಡೆಯುವುದು ಅಂತ ಮೂರು ಭಾಗ ಮಾಡಿದ್ದರು. ಮಾಲೀಕರ ಮುಂದೆ ಇಟ್ಟೆ, ಬೆಲೆ ಇಳಿಸಿದರು. ಇಳಿದ ದುಡ್ಡು ಸರ್ವೇ ಫೀಸಿಗಿಂತ ಜಾಸ್ತಿ. ಎಲ್ಲರಿಗೂ ಹಾಗೇ ಆಗುತ್ತದೆ ಅಂತಲ್ಲ, ನನಗೆ ಆಯಿತು.

* * *

ಎಲ್ಲಾ ದೋಣಿಗೂ ಬೇಕಾಗಿಲ್ಲ ಅಂತ ನನ್ನ ಅನಿಸಿಕೆ. ನನ್ನದು 12 ಅಡಿಯ ಅಲ್ಯೂಮಿನಿಯಂ ದೋಣಿ, ಹಿಂದೆ ಸಣ್ಣ ಔಟ್‌ಬೋರ್ಡ್ ಮೋಟಾರ್. ಅದಕ್ಕೆ ಸರ್ವೇಯರ್ ಕರೆಸಿದರೆ ಮೂಗಿಗಿಂತ ಮೂಗುತಿ ಭಾರ. ಮೋಟಾರ್ ತಗುಲಿಸುವ ಹಿಂದಿನ ಹಲಗೆಯನ್ನು ಗಟ್ಟಿಯಾಗಿ ಅಲುಗಾಡಿಸಿ ನೋಡಿ, ಬಿರುಕು ಅಥವಾ ಮೆತ್ತಗಾದ ಜಾಗ ಇದ್ದರೆ ಬಿಟ್ಟುಬಿಡಿ. ಮೋಟಾರನ್ನು ನೀರಿನಲ್ಲೇ ಓಡಿಸಿ ನೋಡಿ. ಒಳಗೆ ನೀರು ತುಂಬಿಸಿ ಹೊರಗೆ ರಿವೆಟ್‌ಗಳಿಂದ ಸೋರುತ್ತದಾ ಅಂತ ನೋಡಬಹುದು. ಅಷ್ಟು ಸಾಕು. ಆದರೆ ನಿಮ್ಮದು 30 ಅಡಿ, ಒಳಗೆ ಡೀಸೆಲ್, ತಳಕ್ಕೆ ಕೀಲ್ (ದೋಣಿ ಮಗುಚದ ಹಾಗೆ ತಳದ ಕೆಳಗೆ ಕೂರಿಸಿದ ಭಾರದ ರೆಕ್ಕೆ). ಅದರ ಲೆಕ್ಕವೇ ಬೇರೆ, ನಾನಾಗಿದ್ದರೂ ಮಾಡಿಸುತ್ತಿದ್ದೆ.

* * *

ಡೀಸೆಲ್ ಎಂಜಿನ್ ಹೇಗೆ ನೋಡಬೇಕು ಅಂತ ಮೇಲೆ ಬರೆದವರು ಹೇಳಲಿಲ್ಲ, ಅದನ್ನು ನಾನು ಸೇರಿಸುತ್ತೇನೆ. ಹೆಚ್ಚಿನ ಸರ್ವೇಯರ್‌ಗಳು ಎಂಜಿನ್ ಹೊರಗಿನಿಂದ ನೋಡುತ್ತಾರೆ, ಬಿಚ್ಚುವುದಿಲ್ಲ. ಡೀಸೆಲ್ ಮೆಕ್ಯಾನಿಕ್ ಒಬ್ಬರನ್ನು ಬೇರೆಯಾಗಿ ಕರೆಸಿ. ಎಂಜಿನ್ ಬದಲಿಸಬೇಕಾಗಿ ಬಂದರೆ ಹಳೆ ದೋಣಿಯ ಅರ್ಧ ಬೆಲೆಯೇ ಅದಕ್ಕೆ ಹೋಗಬಹುದು, ಆದ್ದರಿಂದ ಇಲ್ಲಿ ಜಿಪುಣತನ ಬೇಡ.

ನೀವು ಹೋಗುವ ಹೊತ್ತಿಗೆ ಎಂಜಿನ್ ತಣ್ಣಗಿರಬೇಕು. ಮೊದಲೇ ಹೇಳಿಡಿ, ಹೋದ ತಕ್ಷಣ ಮುಟ್ಟಿ ನೋಡಿ. ಬಿಸಿ ಎಂಜಿನ್ ಯಾವುದಾದರೂ ಸ್ಟಾರ್ಟ್ ಆಗುತ್ತದೆ, ತಣ್ಣಗಿದ್ದಾಗಲೇ ಅದರ ನಿಜ ಗೊತ್ತಾಗುವುದು. ಹೊಗೆ ನೋಡಿ. ನೀಲಿ ಬಂದರೆ ಎಣ್ಣೆ ಸುಡುತ್ತಿದೆ. ಕಪ್ಪು ಬಂದರೆ ಡೀಸೆಲ್ ಜಾಸ್ತಿ ಹೋಗುತ್ತಿದೆ, ಇಲ್ಲವೇ ಗಾಳಿ ಸಾಲುತ್ತಿಲ್ಲ, ಇಲ್ಲವೇ ಮೇಲೆ ಭಾರ ಜಾಸ್ತಿ. ಬಿಳಿ ಹೊಗೆ ಶುರುವಿನಲ್ಲಿ ಸ್ವಲ್ಪ ಬಂದು ನಿಂತರೆ ಪರವಾಗಿಲ್ಲ, ನಿಲ್ಲದೇ ಇದ್ದರೆ ಕಾರಣ ಹುಡುಕಬೇಕು. ಆಮೇಲೆ ದಡದಲ್ಲಿ ಕಟ್ಟಿಯೇ ಓಡಿಸಿ ಸರಿಯಿದೆ ಅನ್ನುವುದಕ್ಕೆ ಒಪ್ಪಬೇಡಿ. ಹೊರಗೆ ಕರೆದುಕೊಂಡು ಹೋಗಿ ಐದು ಹತ್ತು ನಿಮಿಷ ಪೂರ್ತಿ ವೇಗದಲ್ಲಿ ಓಡಿಸಿ. ತಂಪು ಮಾಡುವ ವ್ಯವಸ್ಥೆಯಲ್ಲಿ ಉಪ್ಪು ಕಟ್ಟಿಕೊಂಡಿದ್ದರೆ ನಿಧಾನಕ್ಕೆ ಓಡುವಾಗ ಗೊತ್ತೇ ಆಗುವುದಿಲ್ಲ, ಪೂರ್ತಿ ವೇಗದಲ್ಲಿ ಬಿಸಿಯ ಮುಳ್ಳು ಏರಿಬಿಡುತ್ತದೆ. ನನ್ನ ದೋಣಿ ಸಿಕ್ಕಿಬಿದ್ದದ್ದು ಹಾಗೇ. ಏಳನೇ ನಿಮಿಷಕ್ಕೆ ಅಲಾರಂ ಹೊಡೆಯಿತು, ಮಾಲೀಕರಿಗೇ ಆಶ್ಚರ್ಯ, ಅವರು ಯಾವತ್ತೂ ಅಷ್ಟು ಜೋರಾಗಿ ಓಡಿಸಿರಲಿಲ್ಲ. ಅವರು ಸುಳ್ಳು ಹೇಳಿರಲಿಲ್ಲ, ಅವರಿಗೇ ಗೊತ್ತಿರಲಿಲ್ಲ.

ಎಣ್ಣೆಯ ಸ್ಯಾಂಪಲ್ ಲ್ಯಾಬ್‌ಗೆ ಕಳಿಸಬಹುದು. ಅದರಲ್ಲಿ ಯಾವ ಲೋಹದ ಕಣ ಎಷ್ಟಿದೆ, ಉಪ್ಪುನೀರು ಸೇರಿದೆಯಾ ಅಂತ ಬರುತ್ತದೆ. ಆದರೆ ಎಣ್ಣೆ ಮೊನ್ನೆಯಷ್ಟೇ ಬದಲಿಸಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ, ಕೇಳಿಕೊಳ್ಳಿ.

* * *

3 ವರ್ಷದ ಹಿಂದಿನ ರಿಪೋರ್ಟ್ ಬಗ್ಗೆ. ಓದಿ, ಖಂಡಿತ ಓದಿ. ಅದರಲ್ಲಿ ಮಾಡಿ ಅಂತ ಬರೆದಿದ್ದ ಕೆಲಸಗಳನ್ನು ಮಾಡಿಸಿದ್ದಾರಾ, ಬಿಲ್ ಇದೆಯಾ ಅಂತ ಕೇಳಿ. ಅದಷ್ಟೇ ಅದರ ಉಪಯೋಗ. ಆ ಸರ್ವೇಯರ್ ಕೆಲಸ ಮಾಡಿದ್ದು ಅವತ್ತು ದುಡ್ಡು ಕೊಟ್ಟವರಿಗೆ, ನಿಮಗಲ್ಲ. ನಾಳೆ ಅದರಲ್ಲಿ ತಪ್ಪು ಕಂಡರೆ ನೀವು ಅವರನ್ನು ಕೇಳುವ ಹಾಗಿಲ್ಲ. ನಡುವೆ 3 ವರ್ಷದಲ್ಲಿ ಆ ದೋಣಿ ಬಂಡೆಗೆ ತಗುಲಿರಬಹುದು, ಅದು ಆ ಕಾಗದದಲ್ಲಿ ಎಲ್ಲಿ ಬರಬೇಕು?

ಬಂಡೆಗೆ ತಗುಲಿದ್ದು ಅಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. 2014ರಲ್ಲಿ ಅಟ್ಲಾಂಟಿಕ್ ಸಾಗರದ ನಡುವೆ ಚೀಕಿ ರಫಿಕಿ ಅನ್ನುವ ಹಾಯಿದೋಣಿಯ ಕೀಲ್ ಕಳಚಿ ನಾಲ್ಕು ಜನ ಪ್ರಾಣ ಕಳೆದುಕೊಂಡರು. ಹಿಂದೆ ತಳ ನೆಲಕ್ಕೆ ತಗುಲಿದ್ದು, ಆಮೇಲೆ ಮಾಡಿದ ರಿಪೇರಿ, ಇವೆಲ್ಲ ಸೇರಿ ಕೀಲ್ ಹಿಡಿದಿರುವ ಜಾಗವನ್ನು ದುರ್ಬಲ ಮಾಡಿರಬಹುದು ಅಂತ ಬ್ರಿಟನ್ನಿನ ತನಿಖೆಯ ವರದಿ ಹೇಳಿತು. ಆದ್ದರಿಂದ ಮಾಲೀಕರನ್ನು ನೇರವಾಗಿ ಕೇಳಿ, ತಳ ಯಾವಾಗಲಾದರೂ ತಗುಲಿದೆಯಾ, ಯಾರು ರಿಪೇರಿ ಮಾಡಿದರು. ಕೀಲ್ ಕೂಡುವ ಗೆರೆಯಲ್ಲಿ ಬಿರುಕು, ತುಕ್ಕಿನ ಕಲೆ ಇದೆಯಾ ಅಂತ ಸರ್ವೇಯರ್‌ಗೆ ನೋಡಲು ಹೇಳಿ. ಕೀಲ್‌ನ ಬೋಲ್ಟ್ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಅನ್ನಿಸಿಕೊಂಡರೂ, ಗಾಳಿ ಆಡದೆ ತೇವ ನಿಂತ ಕಡೆ ಒಳಗೊಳಗೇ ಸವೆಯುತ್ತದೆ.

ಇನ್ನೊಂದು, ಇನ್ಶೂರೆನ್ಸ್. ಇಷ್ಟು ಹಳೆ ದೋಣಿಗೆ ಅನೇಕ ಕಂಪನಿಗಳು ಹೊಸ ಸರ್ವೇ ಇಲ್ಲದೆ ಪಾಲಿಸಿ ಕೊಡುವುದಿಲ್ಲ, ಸಾಲ ಕೊಡುವವರೂ ಕೇಳುತ್ತಾರೆ. ಮೊದಲು ಅವರಿಗೆ ಫೋನ್ ಮಾಡಿ, ಯಾರ ರಿಪೋರ್ಟ್ ಒಪ್ಪುತ್ತೀರಿ ಅಂತ ಕೇಳಿಕೊಳ್ಳಿ. ಹೇಗೂ ಮಾಡಿಸಲೇಬೇಕಾದದ್ದಾದರೆ ಕೊಳ್ಳುವ ಮುಂಚೆಯೇ ಮಾಡಿಸುವುದು ಲಾಭ ಅಲ್ವಾ? ಸರ್ವೇಯರ್ ಹುಡುಕುವಾಗ ಅಮೆರಿಕದಲ್ಲಿ ಸ್ಯಾಮ್ಸ್, ನ್ಯಾಮ್ಸ್, ಬ್ರಿಟನ್ನಿನಲ್ಲಿ ವೈಡಿಎಸ್‌ಎ, ಐಐಎಂಎಸ್ ಅಂತ ಸರ್ವೇಯರ್‌ಗಳ ಸಂಘಗಳಿವೆ, ಅವುಗಳ ಸದಸ್ಯರ ಪಟ್ಟಿ ಸಿಗುತ್ತದೆ. ಮಾರುವವರು ಅಥವಾ ಮಧ್ಯವರ್ತಿ ಹೇಳಿದವರನ್ನೇ ಹಿಡಿಯಬೇಡಿ. ಹಳೆಯ ಒಂದು ರಿಪೋರ್ಟಿನ ಮಾದರಿ ತರಿಸಿ ಓದಿ, ಕೆಲಸ ಗೊತ್ತಿದ್ದವರು ಬರೆದದ್ದು ಎರಡು ಪುಟದಲ್ಲೇ ಗೊತ್ತಾಗುತ್ತದೆ.

* * *

ನಾನು ಎರಡು ದೋಣಿಗೆ ಸರ್ವೇ ಮಾಡಿಸಿ ಎರಡನ್ನೂ ಬಿಟ್ಟೆ. ದುಡ್ಡು ಹೋಯಿತು ಅಂತ ಆಗ ಹೊಟ್ಟೆ ಉರಿಯಿತು, ನಿಜ ಹೇಳಬೇಕು. ಆದರೆ ಎರಡನೆಯದರ ಒಳಗೆ ನೀರು ತುಂಬಿ ಎಂಜಿನ್ ಒಮ್ಮೆ ಮುಳುಗಿತ್ತು ಅಂತ ವೈರಿನ ಕಲೆ ನೋಡಿ ಕಂಡುಹಿಡಿದರಲ್ಲ, ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮೂರನೇ ಸಲ ಬುದ್ಧಿ ಉಪಯೋಗಿಸಿದೆ. ಸರ್ವೇಯರ್ ಕರೆಯುವ ಮುಂಚೆ ನಾನೇ ಒಂದು ದಿನ ಕೂತು ಜರಡಿ ಹಿಡಿದೆ. ಡೆಕ್ ಮೇಲೆ ಭಾರ ಹಾಕಿ ನಡೆದು ಮೆತ್ತಗೆ ಒತ್ತುವ ಜಾಗ ಹುಡುಕಿದೆ. ಕಪಾಟುಗಳ ಒಳಗೆ ತಲೆ ಹಾಕಿ ನೀರಿಳಿದ ಗೆರೆ ನೋಡಿದೆ. ಎಲ್ಲಾ ವಾಲ್ವ್ ತಿರುಗಿಸಿದೆ. ಕಾಗದಪತ್ರ ಯಾರ ಹೆಸರಿನಲ್ಲಿದೆ, ಅದರ ಮೇಲೆ ಸಾಲ ಇದೆಯಾ, ಮೈಮೇಲಿನ ನಂಬರ್ ಕಾಗದದ ನಂಬರ್ ಒಂದೇನಾ, ಇದೆಲ್ಲ ನೋಡಿದೆ, ಇದಕ್ಕೆ ದುಡ್ಡು ಬೇಡ. ಅಲ್ಲಿ ಪಾಸಾದ ದೋಣಿಗೆ ಮಾತ್ರ ಫೀಸು ಕೊಟ್ಟೆ. ಅಡ್ವಾನ್ಸ್ ಕೊಡುವಾಗ, ಸರ್ವೇ ನನಗೆ ಒಪ್ಪಿಗೆಯಾಗದಿದ್ದರೆ ಪೂರ್ತಿ ವಾಪಸ್ ಅಂತ ಬರೆಸಿಕೊಂಡೆ. ಬಾಯಿಮಾತಿಗೆ ಬಿಡಬೇಡಿ.

ಸರ್ವೇ ಅಂದರೆ ಗ್ಯಾರಂಟಿ ಅಲ್ಲ ಅನ್ನುವುದೂ ಗೊತ್ತಿರಲಿ. ಅವರು ಸಾಮಾನ್ಯವಾಗಿ ಏನನ್ನೂ ಕೊಯ್ದು ನೋಡುವುದಿಲ್ಲ, ಕೂವೆಮರ (ಹಾಯಿ ಕಟ್ಟುವ ಕಂಬ) ಹತ್ತುವುದಿಲ್ಲ. ಆ ಕಂಬವನ್ನು ಹಿಡಿದಿರುವ ತಂತಿಗಳನ್ನು ಯಾವಾಗ ಬದಲಿಸಿದ್ದು ಅಂತ ನೀವೇ ಕೇಳಬೇಕು, 10ರಿಂದ 15 ವರ್ಷ ದಾಟಿದ್ದರೆ ಹೊಸದರ ಖರ್ಚು ಈಗಲೇ ಲೆಕ್ಕಕ್ಕೆ ಹಿಡಿಯಿರಿ. ನನ್ನ ದೋಣಿಯ ಡೀಸೆಲ್ ಟ್ಯಾಂಕ್ ಸೋರಿದ್ದು ರಿಪೋರ್ಟಿನಲ್ಲಿ ಬಂದಿರಲಿಲ್ಲ, ಅದು ನೆಲದ ಹಲಗೆಯ ಕೆಳಗೆ ಕೈಗೂ ಸಿಗದ ಜಾಗದಲ್ಲಿತ್ತು. ನಾನು ಅವರನ್ನು ದೂರುವುದಿಲ್ಲ.

* * *

ಪ್ರಶ್ನೆ ಕೇಳಿದವನು. ಇಷ್ಟೊಂದು ಬರೆದಿದ್ದೀರಿ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾಲೀಕರಿಗೆ ಫೋನ್ ಮಾಡಿದೆ. ಸರ್ವೇಗೆ ಒಪ್ಪಿದರು, ಎಂಜಿನ್ ಮುಟ್ಟದೇ ಇಡುತ್ತೇನೆ ಅಂದರು. ತಳ ತಗುಲಿದೆಯಾ ಅಂತ ಕೇಳಿದಾಗ ಒಂದು ಕ್ಷಣ ಸುಮ್ಮನಾಗಿ, ಹೌದು, ಒಮ್ಮೆ ಮರಳಿಗೆ ಕೂತಿತ್ತು ಅಂದರು. ಇದು ಹಳೆ ರಿಪೋರ್ಟ್ ಆದಮೇಲಿನ ಮಾತು. ಸರ್ವೇಯರ್‌ಗೆ ಈಗಲೇ ಹೇಳಿಟ್ಟಿದ್ದೇನೆ. ಆ ದಿನ ನಾನೂ ಹೋಗಬೇಕಾ, ರಿಪೋರ್ಟ್ ಬಂದಮೇಲೆ ಓದಿದರೆ ಸಾಕಾ?

* * *

ಹೋಗಿ, ರಜೆ ಹಾಕಿಯಾದರೂ ಹೋಗಿ. ಹಳೆ ಬಟ್ಟೆ ಹಾಕಿಕೊಳ್ಳಿ, ಟಾರ್ಚ್ ಒಯ್ಯಿರಿ. ತಟ್ಟುವಾಗ ಮಾತಾಡಿಸಬೇಡಿ, ಅವರು ಸದ್ದು ಕೇಳುತ್ತಿರುತ್ತಾರೆ. ಎಲ್ಲಾ ಮುಗಿದ ಮೇಲೆ, ಮಾಲೀಕರು ದೂರ ಇರುವಾಗ, ನೀವಾಗಿದ್ದರೆ ಇದನ್ನು ಕೊಳ್ಳುತ್ತಿದ್ದಿರಾ ಅಂತ ಕೇಳಿ. ಕಾಗದದ ಮೇಲೆ ಬರೆಯದ ಎಷ್ಟೋ ಮಾತು ಆಗ ಹೇಳುತ್ತಾರೆ. ಮರಳಿಗೆ ಕೂತ ವಿಷಯ ಇದೆಯಲ್ಲ, ಕೀಲ್ ಕೂಡುವ ಗೆರೆಯ ಫೋಟೋ ಹತ್ತಿರದಿಂದ ತೆಗೆದು ಇಲ್ಲಿ ಹಾಕಿ, ನಾವೂ ನೋಡುತ್ತೇವೆ.