ಪ್ರಶ್ನೋತ್ತರ: ಬಾರ್‌ಕೋಡ್‌ನಲ್ಲಿ 666 ಅಡಗಿದೆಯಂತೆ, ನಿಜವಾ?

ಪ್ರಶ್ನೆ: ವಂದನೆಗಳು ಅಯ್ಯನವರೇ. ಬಾರ್‌ಕೋಡ್‌ನ ಉದ್ದ ಗೆರೆಗಳೇ ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯಲ್ಲಿರುವ ಮೃಗದ ಅಂಕಿ 666 ಅಂತ ನಮ್ಮ ಸಭೆಯ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ಬಂದಿದೆ. ಅಮ್ಮ ಈಗ ಬಿಸ್ಕೆಟ್ ಪೊಟ್ಟಣವನ್ನೂ ತಿರುಗಿಸಿ ನೋಡ್ತಾರೆ. ಏನು ಹೇಳಲಿ?

ಉತ್ತರ: ವಂದನೆ ಸಹೋದರಿ. ಬಿಸ್ಕೆಟ್ ಧಾರಾಳವಾಗಿ ತಿನ್ನಲಿ. ಆ ಜೋಡಿಗೆರೆಗಳು ಮೊದಲು, ನಡು, ಕೊನೆ ಎಲ್ಲಿ ಅಂತ ಯಂತ್ರಕ್ಕೆ ತೋರಿಸೋ ಗುರುತು, ಅಂಕಿಯಲ್ಲ.

ಇನ್ನು ವಚನ. ಪ್ರಕಟನೆ ಮೊದಲು ಯಾರ ಕೈ ಸೇರಿತು ನೋಡಿ: ಆಸ್ಯಸೀಮೆಯ, ಅಂದರೆ ಇಂದಿನ ಟರ್ಕಿಯ, ಏಳು ಸಭೆಗಳು. ಬುದ್ಧಿಯುಳ್ಳವನು ಮೃಗದ ಅಂಕಿಯನ್ನು ಎಣಿಸಲಿ ಅಂತ 13:18ರಲ್ಲಿ ಅದನ್ನು ಬರೆದ ಯೋಹಾನ ಹೇಳಿದ್ದು ಆ ಏಳರಲ್ಲಿ ಸೇರಿದ ಎಫೆಸ, ಸ್ಮುರ್ನದಂಥ ಸಭೆಯವರಿಗೆ. ಅವರು ಎಣಿಸೋಕಾಗದ ಲೆಕ್ಕ ಕೊಟ್ಟು ಏನು ಪ್ರಯೋಜನ?

ಆಗ ಅಕ್ಷರಗಳೇ ಅಂಕಿ. ನಮ್ಮಲ್ಲೂ ಅಕ್ಷರಕ್ಕೆ ಅಂಕಿ ಕೊಡೋ ಕಟಪಯಾದಿ ಇದೆಯಲ್ಲ, ಮೇಚಕಲ್ಯಾಣಿ ರಾಗದ ಮ 5, ಚ 6, ತಿರುಗಿಸಿದರೆ ಕರ್ನಾಟಕ ಸಂಗೀತದ 65ನೇ ಮೇಳ. ಹಾಗೇ 'ನೆರೋನ್ ಕೈಸರ' ಅನ್ನೋದನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು ಕೂಡಿಸಿ: 50+200+6+50, ಮತ್ತೆ 100+60+200. ಸರಿಯಾಗಿ 666. ಕ್ರೈಸ್ತರನ್ನು ಹಿಂಸಿಸಿದ ರೋಮಿನ ಚಕ್ರವರ್ತಿ ನೀರೋ ಇವನೇ. ಹೆಸರನ್ನು ಬೇಕಾದ ಹಾಗೆ ತಿರುಚಿದ್ದಾರೆ ಅನ್ನೋಹಾಗಿಲ್ಲ. ಮೃತಸಮುದ್ರದ ಬಳಿ ಸಿಕ್ಕ, ಅವನ ಕಾಲದ್ದೇ ಆದ ಒಂದು ಸಾಲಪತ್ರದಲ್ಲಿ ಇದೇ ಕಾಗುಣಿತ ಇದೆ.

ಪ್ರಶ್ನೆ (ಇನ್ನೊಬ್ಬರು): ಕೆಲವು ಹಳೇ ಪ್ರತಿಗಳಲ್ಲಿ 616 ಇದೆ ಅಂತ ಓದಿದ್ದೆ. ಆಗ ಈ ಲೆಕ್ಕ ಕೆಡಲ್ವಾ?

ಉತ್ತರ: ಕೆಡೋದಿಲ್ಲ ಬ್ರದರ್, ಗಟ್ಟಿಯಾಗುತ್ತೆ. ಲತೀನಿನಲ್ಲಿ ಆ ಹೆಸರು 'ನೆರೋ', ಕೊನೆಯ 'ನ್' ಇಲ್ಲ. ಅದರ 50 ಕಳೆದರೆ 616!

ಆದರೂ ಇದೇ ಕೊನೇ ಮಾತು ಅಂತ ನಾನು ಹಟ ಹಿಡಿಯಲ್ಲ. ಪುಸ್ತಕ ಇರೋದು ಗ್ರೀಕಿನಲ್ಲಿ, ಲೆಕ್ಕ ಕೂಡೋದು ಹೀಬ್ರೂವಿನಲ್ಲಿ; ಅದೊಂದು ತೊಡಕು ಇದ್ದೇ ಇದೆ. ಎರಡನೇ ಶತಮಾನದ ಬಿಷಪ್ ಐರೇನಿಯಸ್ 616 ತಪ್ಪು ಅಂದ, ಮೂರು ಬೇರೆ ಹೆಸರು ಎಣಿಸಿ ನೋಡಿದ, ನೀರೋ ಹೆಸರೇ ಎತ್ತಲಿಲ್ಲ. ಯಾವುದನ್ನೂ ಖಚಿತ ಅಂತ ಸಾರಲೂ ಇಲ್ಲ. ಆ ವಿಡಿಯೋ ಮಾಡಿದವರಿಗೆ ಅಷ್ಟು ತಾಳ್ಮೆ ಇದ್ದಿದ್ದರೆ!

ಸಹೋದರಿ, ಅಮ್ಮನ ಜೊತೆ ಕೂತು ಮೊದಲು ದಾನಿಯೇಲ 7 ಓದಿ, ಆಮೇಲೆ ಪ್ರಕಟನೆ 13. ಅಲ್ಲಿ ಬೇರೆ ಬೇರೆಯಾಗಿ ಬಂದ ಸಿಂಹ, ಕರಡಿ, ಚಿರತೆ ಇಲ್ಲಿ ಒಂದೇ ಮೈಯಲ್ಲಿ ಕಾಣ್ತವೆ. ಬೆರಳಿಟ್ಟು ತೋರಿಸಿ.